ಕೊಡತಿ ಇರುವುದು ಯಾರಿಗಾಗಿ?



ಸಂಘದ ವಾರ್ಷಿಕ ಮಹಾಸಭೆಗೆ ಕರೆದಾಗಲೆಲ್ಲ ನೀವು ಹೇಳುವ ಮಾತು ಒಂದೇ: "ಆಂಟಿ, ಅಲ್ಲಿ ಬರೀ ಗಲಾಟೆ." ಅದು ಸುಳ್ಳೆಂದು ನಾನು ಹೇಳಲಾರೆ. ಹಿಂದೊಮ್ಮೆ ಇಲ್ಲೇ ಟಿಟ್ವಾಳಾದಲ್ಲಿ ನಡೆದ ಸಭೆಯೊಂದರಲ್ಲಿ ಲೆಕ್ಕಪತ್ರದ ವಿಷಯ ಬಂದಾಗ ಮೂರು ನಾಲ್ಕು ಹಿರಿಯರು ಒಟ್ಟಿಗೇ ಎದ್ದು ಕೂಗಾಡತೊಡಗಿದರು. ಆ ಗದ್ದಲದ ನಡುವೆ, ಇಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಮರಾಠಿ ಬೆರೆತ ಕನ್ನಡದಲ್ಲಿ, "ಪುಸ್ತಕಕ್ಕೆಂದು ಇಟ್ಟ ಹಣ ಏಕೆ ಖರ್ಚಾಗಿಲ್ಲ?" ಎಂದು ಕೇಳಿದಳು. ಅಧ್ಯಕ್ಷರು ಮರದ ಕೊಡತಿಯಿಂದ ಮೇಜನ್ನು ಕುಟ್ಟಿದರು. ಹಿರಿಯರು ಸುಮ್ಮನಾಗಲಿಲ್ಲ, ಸುಮ್ಮನಾದವಳು ಆ ಹುಡುಗಿ ಮಾತ್ರ. ಮತ್ತೆ ಅವಳು ಸಭೆಯ ಕಡೆ ಸುಳಿಯಲಿಲ್ಲ. ಅಂದು ನಾನೂ ಅವಳ ಪರ ಬಾಯಿ ಬಿಡಲಿಲ್ಲವಲ್ಲ ಎಂಬ ಕೊರಗು ಇಂದಿಗೂ ಇದೆ.

ಇಂಗ್ಲಿಷಿನಲ್ಲಿ 'ಗ್ಯಾವೆಲ್' ಎನ್ನುವ ಈ ಪುಟ್ಟ ಕೊಡತಿ ಇರುವುದಾದರೂ ಯಾತಕ್ಕೆ?

ಸಭೆಯ ಗಲಾಟೆ ನಮ್ಮವರ ಸ್ವತ್ತೇನೂ ಅಲ್ಲ. 1863ರಲ್ಲಿ ಅಮೆರಿಕದ ನ್ಯೂ ಬೆಡ್‌ಫರ್ಡ್ ಊರಿನಲ್ಲಿ ಹೆನ್ರಿ ರಾಬರ್ಟ್ ಎಂಬ ಸೇನಾ ಇಂಜಿನಿಯರರನ್ನು ಚರ್ಚಿನ ಸಭೆಯೊಂದಕ್ಕೆ ಅಧ್ಯಕ್ಷರನ್ನಾಗಿ ಕೂರಿಸಿದರು. ಸಭೆ ಅವರ ಕೈಮೀರಿತು. ಆ ಅವಮಾನವೇ ಅವರನ್ನು ಸಭಾ ನಿಯಮಗಳ ಅಭ್ಯಾಸಕ್ಕೆ ಹಚ್ಚಿತು. 1876ರಲ್ಲಿ ಅವರು ಹೊರತಂದ 'ರೂಲ್ಸ್ ಆಫ್ ಆರ್ಡರ್' ಪುಸ್ತಕ ಪರಿಷ್ಕರಣೆಗೊಳ್ಳುತ್ತ ಇಂದಿಗೂ ಬಳಕೆಯಲ್ಲಿದೆ. ಅದರ ಈಗಿನ ಆವೃತ್ತಿಯ ಪ್ರಕಾರ, ಅಶಿಸ್ತಿನಿಂದ ಮಾತಾಡುವವನ ಧ್ವನಿಯನ್ನು ಮುಳುಗಿಸಲು ಕೂಡ ಅಧ್ಯಕ್ಷರು ಕೊಡತಿ ಬಡಿಯಬಾರದು! ಇನ್ನು ಶಿಸ್ತಿನಿಂದ ಪ್ರಶ್ನೆ ಕೇಳಿದವಳ ಮೇಲೆ ಬಡಿಯಬಹುದೇ?

ಬಲವಾಗಿ ಬಡಿದರೆ ಏನಾಗುತ್ತದೆ, ಕೇಳಿ. 1954ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ಪರಮಾಣು ಶಕ್ತಿಯ ಮೇಲೆ ಕಾವೇರಿದ ಚರ್ಚೆ ನಡೆದಿತ್ತು. ಉಪಾಧ್ಯಕ್ಷ ನಿಕ್ಸನ್ ಬಡಿದ ಏಟಿಗೆ ಹಳೆಯ ದಂತದ ಗ್ಯಾವೆಲ್ ಒಡೆದೇಹೋಯಿತು. ಅಷ್ಟು ದೊಡ್ಡ ದಂತದ ತುಂಡು ಅಲ್ಲಿ ಕೊಳ್ಳಲು ಸಿಗದೆ ಭಾರತದ ರಾಯಭಾರ ಕಚೇರಿಯ ನೆರವು ಕೇಳಿದರು. ಅದೇ ವರ್ಷ ನವೆಂಬರ್ 17ರಂದು ನಮ್ಮ ಉಪರಾಷ್ಟ್ರಪತಿ ರಾಧಾಕೃಷ್ಣನ್ ಅವರು ಹೊಸದೊಂದನ್ನು ಭಾರತದ ಕಾಣಿಕೆಯಾಗಿ ಒಪ್ಪಿಸಿದರು. ಒಂದು ಕಾಲಕ್ಕೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ಮೇಷ್ಟ್ರು ಅವರು! ಆ ಗ್ಯಾವೆಲ್ಲಿಗೆ ಹಿಡಿಯೇ ಇಲ್ಲ. ಅಂಗೈಯಲ್ಲಿ ಹಿಡಿದು ಕುಟ್ಟಬೇಕು.

ನಮ್ಮ ಲೋಕಸಭೆಯ ನಿಯಮ ಇನ್ನೂ ಚೆಂದ. ಸಭಾಧ್ಯಕ್ಷರು ಎದ್ದು ನಿಂತರೆ ಸಾಕು, ಮಾತಾಡುತ್ತಿರುವ ಸದಸ್ಯರು ಮಾತು ನಿಲ್ಲಿಸಿ ಕೂರಬೇಕು. ಎಲ್ಲರೂ ಅದನ್ನು ಪಾಲಿಸುತ್ತಾರೆಯೇ ಎಂಬುದು ಟಿ.ವಿ. ನೋಡುವ ನಿಮಗೇ ಗೊತ್ತು. ಗೌರವ ಇಲ್ಲದಿದ್ದರೆ ನಿಯಮವೂ ಅಷ್ಟೇ, ಕೊಡತಿಯೂ ಅಷ್ಟೇ.

ಕೊಡತಿಯ ಕೆಲಸ ಸಣ್ಣದು. ಸಭೆ ಆರಂಭಿಸಲು ಒಂದು ಏಟು, ಮುಗಿಸಲು ಒಂದು ಏಟು, ಗದ್ದಲವಾದಾಗ ಎಚ್ಚರಿಸಲು ಒಂದು. ಉಳಿದದ್ದನ್ನು ಅಧ್ಯಕ್ಷರು ತಾಳ್ಮೆಯಿಂದ ನಡೆಸಬೇಕು. ರಾಬರ್ಟರ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು: ಒಂದು ವಿಷಯದ ಮೇಲೆ ಇನ್ನೂ ಮಾತಾಡದ ಒಬ್ಬರು ಅವಕಾಶ ಕೇಳುತ್ತಿರುವಾಗ, ಆಗಲೇ ಮಾತಾಡಿದವರು ಎರಡನೇ ಸಲ ಮಾತಾಡುವಂತಿಲ್ಲ. ಕೊಡತಿ ಕಾಯಬೇಕಾದದ್ದು ಈ ಸರದಿಯನ್ನು. ದೊಡ್ಡ ಗಂಟಲುಗಳನ್ನು ಕ್ಷಣಹೊತ್ತು ತಡೆದು, ಸಣ್ಣ ದನಿಗೆ ಜಾಗ ಮಾಡಿಕೊಡುವುದೇ ಅದರ ಧರ್ಮ.

ಆದ್ದರಿಂದ ಮುಂದಿನ ಮಹಾಸಭೆಗೆ ಬನ್ನಿ. ಕೈಯೆತ್ತಿ, ಸರದಿ ಕೇಳಿ, ನಿಮಗೆ ಬರುವ ಕನ್ನಡದಲ್ಲೇ ಪ್ರಶ್ನೆ ಕೇಳಿ. ಯಾರಾದರೂ ತಡೆದರೆ ಈ ಸಲ ನಾನು ಸುಮ್ಮನೆ ಕೂರುವುದಿಲ್ಲ. ನಾಳೆ ಆ ಕುರ್ಚಿಯಲ್ಲಿ ಕೂತು ಕೊಡತಿ ಹಿಡಿಯಬೇಕಾದವರು ನೀವೇ. ಆಗ ಹಿಂದಿನ ಸಾಲಿನ ಸಣ್ಣ ದನಿಯನ್ನು ಮರೆಯಬೇಡಿ.