ಟಾನ್ಸಿಲ್ ತೆಗೆದ ಮೇಲೆ ಮಗುವಿನ ಆರೈಕೆ

ಗಂಟಲಿನಿಂದ ಟಾನ್ಸಿಲ್ ಗ್ರಂಥಿಗಳನ್ನು ತೆಗೆಯುವುದು ಹೊಸ ವಿದ್ಯೆಯೇನೂ ಅಲ್ಲ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ರೋಮಿನ ಕೆಲ್ಸಸ್ ಎಂಬ ಗ್ರಂಥಕಾರನು, ಅವುಗಳನ್ನು ಬೆರಳಿನಿಂದ ಬಿಡಿಸಿ ತೆಗೆಯುವ ಕ್ರಮವನ್ನು ಬರೆದಿಟ್ಟಿದ್ದಾನೆ. ಇಂದು ಮಗುವಿಗೆ ಅರಿವು ತಪ್ಪಿಸಿ ಮಾಡುವ ಈ ಶಸ್ತ್ರಚಿಕಿತ್ಸೆಗೆ ಬಹಳ ಹೊತ್ತು ಹಿಡಿಯುವುದಿಲ್ಲ. ಆದರೆ ವೈದ್ಯರ ಕೆಲಸ ಮುಗಿದಲ್ಲಿ ತಾಯಿತಂದೆಗಳ ಕೆಲಸ ಮೊದಲಾಗುತ್ತದೆ. ಅದು 10ರಿಂದ 14 ದಿನಗಳ ಕೆಲಸ.

ಗ್ರಂಥಿಯಿದ್ದ ಸ್ಥಳದಲ್ಲಿ ಉಳಿಯುವುದು ತೆರೆದ ಗಾಯ. ಮರುದಿನದಿಂದಲೇ ಅದರ ಮೇಲೆ ಬಿಳಿಯ ಪದರವೊಂದು ಕಟ್ಟುತ್ತದೆ. ಬಾಯಿ ವಾಸನೆ ಬರುತ್ತದೆ. ಇದನ್ನು ಕೀವೆಂದು ಭ್ರಮಿಸಿ ಗಾಬರಿಯಾಗುವವರು ಅನೇಕರು. ಅದು ಕೀವಲ್ಲ, ಪ್ರಕೃತಿಯೇ ಕಟ್ಟಿದ ಪಟ್ಟಿ. ಕೆರೆದು ತೆಗೆಯಕೂಡದು. ಕೆಲವು ಮಕ್ಕಳು ಕಿವಿ ನೋವೆಂದು ಅಳುವುದೂ ಉಂಟು. ಗಂಟಲಿನ ಈ ಭಾಗಕ್ಕೂ ನಡುಗಿವಿಗೂ ಹೋಗುವ ನರ ಒಂದೇ ಆದುದರಿಂದ, ಗಂಟಲಿನ ನೋವೇ ಕಿವಿಯಲ್ಲಿ ತೋರುತ್ತದೆಯಷ್ಟೆ.

ಮುಖ್ಯವಾದ ತೊಡಕು ಇನ್ನೊಂದಿದೆ. ನುಂಗಿದರೆ ನೋಯುತ್ತದೆಂದು ಮಗು ನೀರನ್ನು ಒಲ್ಲದು. ನೀರಿಲ್ಲದೆ ಗಂಟಲು ಒಣಗುತ್ತದೆ, ಒಣಗಿದ ಗಂಟಲು ಇಮ್ಮಡಿ ನೋಯುತ್ತದೆ. ಮನೆಯವರೋ, ‘ಪಾಪ, ಬಲವಂತ ಮಾಡಬೇಡಿ’ ಎನ್ನುತ್ತಾರೆ. ಮಗುವಿಗೆ ಕೇಡು ಮಾಡುವುದು ಈ ಮರುಕವೇ. ನೋವು ಬಂದ ಮೇಲೆ ಔಷಧ ಕೊಡುವುದಲ್ಲ. ಮೊದಲ ಕೆಲವು ದಿನ ಗಡಿಯಾರ ನೋಡಿ ಕೊಡಬೇಕು, ಕೊಟ್ಟ ಅರ್ಧ ಗಂಟೆಯ ಮೇಲೆ ಕುಡಿಸಬೇಕು. ಮೂರನೆಯ ದಿನದಿಂದ ನೋವು ಒಮ್ಮೊಮ್ಮೆ ಹೆಚ್ಚುವುದರಿಂದ, ಎರಡನೆಯ ದಿನ ಮಗು ನಕ್ಕಿತೆಂದು ಔಷಧವನ್ನು ನಿಲ್ಲಿಸಬಾರದು.

ಸಾಮಾನ್ಯವಾಗಿ ಕೊಡುವುದು ಪ್ಯಾರಾಸಿಟಮಾಲ್. ಜೊತೆಗೆ ವೈದ್ಯರು ಒಪ್ಪಿದರೆ ಐಬುಪ್ರೊಫೇನ್. ಪ್ಯಾರಾಸಿಟಮಾಲಿನ ಪ್ರಮಾಣ ತೂಕಕ್ಕೆ ತಕ್ಕಂತೆ, ಕಿಲೋಗೆ 15 ಮಿಲಿಗ್ರಾಂ: 20 ಕಿಲೋ ಮಗುವಿಗೆ ಒಂದು ಸಲಕ್ಕೆ 300 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಆದರೆ ಅಂಗಡಿಯ ಸಿರಪ್ಪುಗಳೆಲ್ಲ ಒಂದೇ ಬಲದವಲ್ಲ. 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಆದುದರಿಂದ ಸೀಸೆಯ ಚೀಟಿಯನ್ನು ಓದಿ, ಅಳತೆಯ ಮುಚ್ಚಳದಲ್ಲಿಯೇ ಕೊಡತಕ್ಕದ್ದು. ಅಡಿಗೆಮನೆಯ ಚಮಚ ಅಳತೆಯಲ್ಲ. ಆಸ್ಪಿರಿನ್ ಕೂಡದು, ರಕ್ತಸ್ರಾವಕ್ಕೆ ಅದು ದಾರಿ. ಕೊಡೀನ್ ಇರುವ ಹಳೆಯ ಕೆಮ್ಮಿನ ಔಷಧ ಮನೆಯಲ್ಲಿದ್ದರೆ ಅದನ್ನೂ ಮುಟ್ಟಕೂಡದು. ಶರೀರವು ಕೊಡೀನನ್ನು ಮಾರ್ಫೀನಾಗಿ ಮಾರ್ಪಡಿಸುತ್ತದೆ. ಕೆಲವು ಮಕ್ಕಳಲ್ಲಿ ವಂಶಗುಣದಿಂದ ಈ ಮಾರ್ಪಾಟು ಅತಿವೇಗವಾಗಿ ನಡೆದು ಉಸಿರೇ ಅಡಗುವುದುಂಟು. ಇಂತಹ ಸಾವುಗಳು ಕಂಡುಬಂದುದರಿಂದ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2013ರಲ್ಲಿ, ಟಾನ್ಸಿಲ್ ತೆಗೆದ ಮಕ್ಕಳಿಗೆ ಇದನ್ನು ಕೊಡಬಾರದೆಂದು ವಿಧಿಸಿತು.

ಆಹಾರದ ವಿಷಯದಲ್ಲಿ ನಮ್ಮ ಅಜ್ಜಿಯರಿಗೂ ವೈದ್ಯರಿಗೂ ವಾದ ತಪ್ಪದು. ತಣ್ಣನೆಯದು ಶೀತವೆಂದು ಅಜ್ಜಿ ಬಿಸಿ ಸಾರನ್ನು ತರುತ್ತಾಳೆ. ಈ ಹತ್ತು ದಿನ ವೈದ್ಯರ ಪಕ್ಷವೇ ಸರಿ. ಎಳನೀರು, ಹುಳಿಯಿಲ್ಲದ ಮಜ್ಜಿಗೆ, ಆರಿದ ರಾಗಿ ಗಂಜಿ, ಹಾಲಿನಲ್ಲಿ ನೆನೆದ ಇಡ್ಲಿ, ಮೊಸರನ್ನ, ಯಾವುದಾದರೂ ಆಗಬಹುದು. ಐಸ್‌ಕ್ರೀಮಿಗೆ ವಿಶೇಷ ಮಹಿಮೆಯಿಲ್ಲ, ಮಗು ಒಪ್ಪುತ್ತದೆಂಬುದೇ ಅದರ ಗುಣ. ನಿಂಬೆ, ಕಿತ್ತಳೆ, ಖಾರ, ಚಕ್ಕುಲಿ ಬೇಡ. ಒಂದೇ ಸಲಕ್ಕೆ ಲೋಟ ತುಂಬ ಕುಡಿಸಹೋಗದೆ, ಎಚ್ಚರವಾಗಿರುವಾಗ ಗಂಟೆಗೆ ನಾಲ್ಕಾರು ಗುಟುಕು ಸಾಕು. ಎಂಟು ಗಂಟೆಗಳ ಕಾಲ ಮೂತ್ರವಾಗದಿದ್ದರೆ ವೈದ್ಯರಿಗೆ ತಿಳಿಸಬೇಕು.

ರಕ್ತಸ್ರಾವವಾಗುವುದು ಕೆಲವೇ ಮಕ್ಕಳಲ್ಲಿ. ಮೊದಲ ದಿನ, ಇಲ್ಲವೆ ಪದರ ಕಳಚುವ ಐದರಿಂದ ಹತ್ತನೆಯ ದಿನದೊಳಗೆ. ನಿದ್ರೆಯಲ್ಲಿ ಮಗು ಮೇಲಿಂದ ಮೇಲೆ ನುಂಗುತ್ತಿದ್ದರೆ ಎಬ್ಬಿಸಿ ಬಾಯಿ ನೋಡಬೇಕು. ಕೆಂಪು ರಕ್ತ ಕಂಡರೆ, ಅದು ನಿಂತಂತೆ ತೋರಿದರೂ, ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಈ ಕಾರಣದಿಂದಲೇ ಎರಡು ವಾರ ಮುಗಿಯುವವರೆಗೆ ಮಗುವನ್ನು ಜಾತ್ರೆಗಾಗಲಿ ನೆಂಟರ ಊರಿಗಾಗಲಿ ಕರೆದೊಯ್ಯದೆ, ರಾತ್ರಿಯೂ ವೈದ್ಯರು ದೊರೆಯುವ ಸ್ಥಳಕ್ಕೆ ಸಮೀಪದಲ್ಲಿರಿಸಿಕೊಳ್ಳಬೇಕು.