ಕಾಣೆಯಾದವರ ಮನೆಯ ಸುಳಿವು: ಯಾವುದಕ್ಕೆ ಎಷ್ಟು ತೂಕ?

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಗಡಿಯ ಊರುಗಳು. ಒಂದು ಕಡೆ ಬೀದರ್, ಕಲಬುರಗಿ. ಇನ್ನೊಂದು ಕಡೆ ಹೈದರಾಬಾದ್. ಇಲ್ಲಿ ಯಾರಾದರೂ ನಾಪತ್ತೆಯಾದರೆ 'ಕೆಲಸಕ್ಕೆ ಹೋಗಿರಬೇಕು, ಬಂದಾರು ಬಿಡಿ' ಎಂದು ಯಾರಾದರೂ ಹೇಳಿದರೆ ನಂಬುವುದು ಸುಲಭ. ಅಂಥದೇ ಮಾತುಗಳಿಂದ ಬೆಂಗಳೂರಿನ ಒಂದು ಪ್ರಕರಣ ಸುಮಾರು ಮೂರು ವರ್ಷ ಬಗೆಹರಿಯದೆ ಉಳಿದಿತ್ತು.

ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕೆರೆ ಖಲೀಲಿ 1991ರ ಮೇ ಕೊನೆಯಲ್ಲಿ ಕಣ್ಮರೆಯಾದರು. ಎರಡನೆಯ ಪತಿ ಮುರಳಿ ಮನೋಹರ ಮಿಶ್ರಾ ಅಲಿಯಾಸ್ ಸ್ವಾಮಿ ಶ್ರದ್ಧಾನಂದ ಕೇಳಿದವರಿಗೆಲ್ಲ ಒಂದೊಂದು ಊರಿನ ಹೆಸರು ಹೇಳುತ್ತಿದ್ದ. ಅಮೆರಿಕದ ಆಸ್ಪತ್ರೆಯಲ್ಲಿದ್ದಾರೆ ಎಂದೂ ಹೇಳಿದ. ಮಗಳು ವಿಚಾರಿಸಿದಾಗ ಆ ಆಸ್ಪತ್ರೆಯಲ್ಲಿ ಅವರು ದಾಖಲಾಗಿರಲೇ ಇಲ್ಲ. 1992ರ ಜೂನ್‌ನಲ್ಲಿ ಮಗಳು ಪೊಲೀಸರಿಗೆ ದೂರು ಕೊಟ್ಟರು. 1994ರ ಮಾರ್ಚ್‌ನಲ್ಲಿ ರಿಚ್ಮಂಡ್ ರಸ್ತೆಯ ಅದೇ ಮನೆಯ ಆವರಣವನ್ನು ಅಗೆದಾಗ ಮರದ ಪೆಟ್ಟಿಗೆಯಲ್ಲಿ ಅಸ್ಥಿಪಂಜರ ಸಿಕ್ಕಿತು. ಪೆಟ್ಟಿಗೆ ಮಾಡಿಸಿದ್ದನ್ನು, ಗುಂಡಿ ತೋಡಿಸಿದ್ದನ್ನು ಬಲ್ಲವರು ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ಶಿಕ್ಷೆಯನ್ನು ಬದಲಿಸಿ, ಜೀವಮಾನವಿಡೀ ಜೈಲಿನಲ್ಲೇ ಇರಬೇಕೆಂದು ತೀರ್ಪಿತ್ತಿತು.

ಹಾಗೆಂದು ಕಾಣೆಯಾದ ಪ್ರತಿಯೊಬ್ಬರ ಮನೆಯವರನ್ನೂ ಅನುಮಾನಿಸಬೇಕೆಂದಲ್ಲ. ಸುಳಿವನ್ನು ತೂಗಿ ನೋಡಬೇಕು, ಅಷ್ಟೇ. ಅದಕ್ಕೆ ಮೂರು ಪ್ರಶ್ನೆಗಳು ಸಾಕು.

ಒಂದು: ಏನು ಹೋಗಿದೆ, ಏನು ಉಳಿದಿದೆ?
ಬಟ್ಟೆ, ಹಣ, ಆಧಾರ್ ಕಾರ್ಡ್, ಮೊಬೈಲ್ ಚಾರ್ಜರ್ ಇಲ್ಲವಾದರೆ ತಾವಾಗಿಯೇ ಹೋಗಿರುವ ಸಾಧ್ಯತೆ ಹೆಚ್ಚು. ದಿನವೂ ನುಂಗುವ ಬಿ.ಪಿ. ಮಾತ್ರೆ, ಕನ್ನಡಕ, ಚಪ್ಪಲಿ ಮನೆಯಲ್ಲೇ ಇದ್ದರೆ ಚಿಂತಿಸಬೇಕು. ಆದರೆ ಒಂದೇ ವಸ್ತುವಿನಿಂದ ತೀರ್ಮಾನಕ್ಕೆ ಬರಬೇಡಿ. ಚೀಲವನ್ನು ಬೇರೆಯವರೂ ತೆಗೆದಿಟ್ಟಿರಬಹುದು. ಮರೆವಿನ ಕಾಯಿಲೆಯವರು ಬರಿಗಾಲಲ್ಲೂ ಹೊರಟುಬಿಡಬಹುದು.

ಎರಡು: ಈ ಸುಳಿವು ಯಾರಿಂದ ಬಂತು?
ಹತ್ತು ಜನ ಒಂದೇ ಸುದ್ದಿ ಹೇಳಿದರೂ ಅದು ಒಬ್ಬರ ಬಾಯಿಂದಲೇ ಹರಡಿದ್ದರೆ ಅದು ಒಂದೇ ಸಾಕ್ಷಿ. 'ಫೋನ್ ಮಾಡಿದ್ದರು' ಎಂದರೆ ಯಾವ ನಂಬರಿನಿಂದ, ಎಷ್ಟು ಹೊತ್ತಿಗೆ, ದನಿ ಕೇಳಿದವರು ಯಾರು ಎಂದು ಕೇಳಿ. ಬರೀ ಮೆಸೇಜ್ ಬಂದಿದ್ದರೆ ಫೋನ್ ಯಾರ ಕೈಯಲ್ಲಿದೆ ಎಂಬುದು ತಿಳಿಯುವುದಿಲ್ಲ. ಬ್ಯಾಂಕ್ ಪಾಸ್‌ಬುಕ್, ಫೋನ್ ಕರೆಗಳ ದಾಖಲೆ, ಬಸ್‌ಸ್ಟ್ಯಾಂಡಿನ ಕ್ಯಾಮೆರಾ ಇವು ಮನೆಯವರ ಮಾತಿನ ಹೊರಗಿನ ಸಾಕ್ಷಿಗಳು. ಅವುಗಳ ತೂಕ ಹೆಚ್ಚು.

ಮೂರು: ಮನೆಯಲ್ಲಿ ಹೊಸದೇನು?
ಕಾರಣವಿಲ್ಲದೆ ಬಳಿದ ಸುಣ್ಣಬಣ್ಣ, ಹೊಸ ಸಿಮೆಂಟ್, ಬದಲಾದ ಬೀಗ. ಇವುಗಳಿಗೆ ಸರಳ ಕಾರಣವೂ ಇರಬಹುದು. ಕೆಲಸ ಮಾಡಿದ ಮೇಸ್ತ್ರಿ, ಕೂಲಿಯವರು, ಮನೆಗೆಲಸದವರನ್ನು ಕೇಳಿದರೆ ಗೊತ್ತಾಗುತ್ತದೆ. ಆ ವಿಚಾರಣೆ ಪೊಲೀಸರಿಗೆ ಬಿಟ್ಟದ್ದು. ನೀವು ಕಂಡದ್ದನ್ನು ಅವರಿಗೆ ತಿಳಿಸಿ.

ಅದಕ್ಕೇ ಮನೆಯವರು ಮೊದಲು ಮಾಡಬೇಕಾದ್ದು ಕೋಣೆಯನ್ನು ಗುಡಿಸದೆ, ಹಾಸಿಗೆ ಒಗೆಯದೆ, ಫೋನ್ ಒತ್ತಾಡದೆ ಇದ್ದಹಾಗೆ ಬಿಡುವುದು. ಕೊನೆಗೆ ಕಂಡ ಸಮಯ, ತೊಟ್ಟ ಬಟ್ಟೆ, ಕಾಣದ ವಸ್ತುಗಳನ್ನು ಅಂದೇ ಬರೆದಿಡಿ. ನಾಲ್ಕು ದಿನ ಕಳೆದರೆ ನೆನಪು ಬದಲಾಗುತ್ತದೆ.

ದೂರು ಕೊಡಲು 24 ಗಂಟೆ ಕಾಯಬೇಕೆಂಬ ನಿಯಮವಿಲ್ಲ. ಅಪಹರಣದಂಥ ಅಪರಾಧದ ಅನುಮಾನವಿದ್ದರೆ, ಘಟನೆ ಬೀದರ್ ಅಥವಾ ಚಿಂಚೋಳಿಯಲ್ಲಿ ನಡೆದಿದ್ದರೂ ಜಹೀರಾಬಾದ್ ಅಥವಾ ತಾಂಡೂರಿನ ಠಾಣೆಯಲ್ಲೇ ದೂರು ಕೊಡಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾನೂನಿನಲ್ಲೂ ಇದಕ್ಕೆ ಅವಕಾಶವಿದೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ.

ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಬದುಕಿದ್ದಾರೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕೆನ್ನುತ್ತದೆ ಕಾನೂನು. ಆಸ್ತಿ, ವಿಮೆಯ ವ್ಯವಹಾರದಲ್ಲಿ ಇದು ಬೇಕಾಗುತ್ತದೆ. ಆಗ ಕೈಗೆ ಬರುವುದು ಮೊದಲ ವಾರ ಕೊಟ್ಟ ದೂರು ಮತ್ತು ಬರೆದಿಟ್ಟ ಆ ಪಟ್ಟಿ.