ಕಾರಿನ ದೀರ್ಘಾಯುಷ್ಯ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಕಾರನ್ನು ಅಕಾಲದಲ್ಲಿ ಮುದಿಗೊಳಿಸುವವು ಧೂಳು ಮತ್ತು ಕೆಸರು. ಕಬ್ಬು ಅರೆಯುವ ಕಾಲದಲ್ಲಿ ಗಾಡಿ, ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳು ಗಾಳಿಯ ಶೋಧಕವನ್ನು ಮುಚ್ಚಿ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ನಾಲೆಯ ಏರಿಯ ಕೆಸರು ತಳಕ್ಕೆ ಅಂಟಿ, ತೇವವನ್ನು ಹಿಡಿದಿಟ್ಟು, ತಗಡನ್ನು ತುಕ್ಕಿಗೆ ಒಪ್ಪಿಸುತ್ತದೆ. ಹೊರಮೈಯನ್ನು ನಿತ್ಯವೂ ಒರೆಸಿ ತಳವನ್ನು ಒಮ್ಮೆಯೂ ತೊಳೆಯದವರೇ ಬಹುಮಂದಿ!

ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಒಳಗೆ ಸುಣ್ಣದ ಪೊರೆ ಕಟ್ಟಿ, ಶಾಖ ಹೊರಹೋಗದೆ ಎಂಜಿನ್ ಕುದಿಯುತ್ತದೆ. ಬಟ್ಟಿಯಿಳಿಸಿದ ನೀರಿಗೆ ಕೂಲೆಂಟ್ ಬೆರೆಸಿ ತುಂಬುವುದೇ ಯುಕ್ತ. ಎಂಜಿನ್ ಎಣ್ಣೆಯ ಮಾತು ಎಲ್ಲರೂ ಬಲ್ಲದ್ದು.

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅಂತಹ ಹಳೆಯ ಪೆಟ್ರೋಲ್ ಕಾರುಗಳನ್ನು ಉಳಿಸಿಕೊಂಡವರಿಗೆ ಈಗ ಹೊಸದೊಂದು ಎಚ್ಚರ ಅಗತ್ಯವಾಗಿದೆ. 2025ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಯತೊಡಗಿತು. ಅದರಲ್ಲಿ ಒಂದು ಪಾಲು ಹುಟ್ಟುವುದು ಕಬ್ಬಿನಿಂದಲೇ. ಕಬ್ಬಿನ ನಾಡಿಗೆ ಇದು ಲಾಭವೇ ಸರಿ. ಆದರೆ ಎಥನಾಲ್ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ಇಂಧನ ಸೋರಿದರೆ ಬೆಂಕಿಯ ಭಯವುಂಟು. ಆದ್ದರಿಂದ ಆ ಕೊಳವೆಗಳನ್ನೂ ಕಾರ್ಬ್ಯುರೇಟರಿನ ಗ್ಯಾಸ್ಕೆಟ್ಟುಗಳನ್ನೂ ಎಥನಾಲನ್ನು ತಾಳುವಂಥವುಗಳಿಂದ ಬದಲಿಸತಕ್ಕದ್ದು. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ನಿಲ್ಲಗೊಡದೆ, ವಾರಕ್ಕೊಮ್ಮೆ ಮದ್ದೂರಿನಿಂದ ಮಳವಳ್ಳಿಯವರೆಗಾದರೂ ಕಾರನ್ನು ಓಡಿಸಿ ತರುವುದು ಒಳಿತು.